ಡಿಸ್ನಿಯಲ್ಲಿ ಅತ್ತೆ-ಮಾವನಿಗೆ ಊಟ ಏನು?

ಪ್ರಶ್ನೆ: ದಾವಣಗೆರೆಯಿಂದ ಅತ್ತೆ-ಮಾವ ಅಮೆರಿಕಕ್ಕೆ ಬಂದಿದ್ದಾರೆ. ಒರ್ಲಾಂಡೋದ ಡಿಸ್ನಿ ವರ್ಲ್ಡ್‌ಗೆ ಹೋಗಬೇಕು, ನಾವು ಶುದ್ಧ ಸಸ್ಯಾಹಾರಿಗಳು. ಹೋದ ವರ್ಷ ಬೇರೊಂದು ಪಾರ್ಕಿನಲ್ಲಿ ತಣ್ಣಗಿನ ಫ್ರೈಸ್ ತಿಂದೇ ದಿನ ಕಳೆದೆವು. ಇಲ್ಲೂ ಅದೇ ಗತಿಯಾ?

ಉತ್ತರ: ಇಲ್ಲ, ಸುಮ್ನೆ ಹೆದರಬೇಡಿ. ಮೊದಲನೆಯದಾಗಿ, ಡಿಸ್ನಿ ವರ್ಲ್ಡ್‌ನೊಳಗೆ ಮನೆ ಊಟ ಬಿಡುತ್ತಾರೆ. ಚಪಾತಿ, ಪುಳಿಯೋಗರೆ, ಮಂಡಕ್ಕಿ (ದಾವಣಗೆರೆಯವರಿಗೆ ಅದಿಲ್ಲದೆ ಹೇಗೆ?) ಎಲ್ಲಾ ಒಯ್ಯಬಹುದು, ಆದರೆ ಗಾಜಿನ ಬಾಟಲಿ ಒಳಗೆ ಬಿಡುವುದಿಲ್ಲ, ಹಾಗಾಗಿ ಉಪ್ಪಿನಕಾಯಿಯನ್ನು ಬೇರೆ ಡಬ್ಬಿಗೆ ಹಾಕಿಕೊಳ್ಳಿ. ಮೊಸರನ್ನ ಮಾತ್ರ ಬೇಡ ಅನ್ನುತ್ತೇನೆ, ಫ್ಲೋರಿಡಾ ಬಿಸಿಲಿಗೆ ಮಧ್ಯಾಹ್ನದೊಳಗೆ ಹುಳಿಯಾಗುತ್ತದೆ. ಒಯ್ಯಲೇಬೇಕು ಅಂದರೆ ಐಸ್ ಪ್ಯಾಕ್ ಇಡಿ, ಬಿಡಿ ಐಸ್ ನಡೆಯುವುದಿಲ್ಲ. ನೀರಿಗೆ ದುಡ್ಡು ಸುರಿಯಬೇಡಿ. ಫೌಂಟನ್ ಡ್ರಿಂಕ್ಸ್ (ಯಂತ್ರದಿಂದ ಕಪ್‌ಗೆ ತುಂಬಿಕೊಡುವ ಕೋಲಾದಂಥ ಪಾನೀಯ) ಕೊಡುವ ಕೌಂಟರ್‌ನಲ್ಲಿ ಕೇಳಿದರೆ ಒಂದು ಕಪ್ ತಣ್ಣೀರು ಪುಕ್ಕಟೆ.

ಒಂದು ಹೊತ್ತು ಕೂತು ಉಣ್ಣಬೇಕು ಅಂದರೆ ಡಿಸ್ನಿಯದೇ ಹೋಟೆಲ್ ಆದ ಅನಿಮಲ್ ಕಿಂಗ್‌ಡಮ್ ಲಾಡ್ಜ್‌ನಲ್ಲಿರುವ 'ಸನಾ' ರೆಸ್ಟೋರೆಂಟಿಗೆ ಹೋಗಿ. ಆಫ್ರಿಕನ್ ಅಡುಗೆಗೆ ನಮ್ಮ ಕಡೆಯ ಮಸಾಲೆ ಸೇರಿಸುವ ಜಾಗ ಅದು. ನಾನ್ ಥರದ ರೊಟ್ಟಿಗಳ ಜೊತೆ ಚಟ್ನಿಗಳ ಸಾಲೇ ಬರುತ್ತದೆ, ಕಿಟಕಿಯಾಚೆ ಜಿರಾಫೆ ಮೇಯುತ್ತಿರುತ್ತದೆ. ಮಾವನವರಿಗೆ ಖಂಡಿತ ಹಿಡಿಸುತ್ತದೆ, ಮುಂಚೆಯೇ ಟೇಬಲ್ ಬುಕ್ ಮಾಡಿ. ಬೇರೆ ಕಡೆ ಅನ್ನ, ಸೂಪು ಕಂಡರೆ ಚಿಕನ್ ಸ್ಟಾಕ್ (ಕೋಳಿ ಬೇಯಿಸಿದ ನೀರು) ಹಾಕಿದ್ದಾರಾ ಅಂತ ಕೇಳಿ. ಬರೀ 'ವೆಜ್' ಅಂದರೆ ಅಲ್ಲಿ ಸಾಲದು.