ಬೇವು ಒಣಗಿತೆಂದು ಕೊಡಲಿ ಎತ್ತಬೇಡಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಹೊಲದ ಬದುವಿನಲ್ಲೂ ಗುಡಿಯ ಮುಂದೆಯೂ ಇರುವ ಬೇವಿನ ಮರಗಳು ತುದಿಯಿಂದ ಕಂದಾಗಿ, ಬೆಂಕಿ ತಾಗಿದಂತೆ ಒಣಗುತ್ತಿವೆ. ಕಡಿದುಬಿಡಿ ಎನ್ನುತ್ತಾರೆ ಕೆಲವರು. ಏನು ಮಾಡಬೇಕು?
– ಮಾನ್ವಿ ತಾಲ್ಲೂಕಿನ ಓದುಗರು

ಕಡಿಯಬೇಡಿ. 2021ರಲ್ಲಿ ನೆರೆಯ ತೆಲಂಗಾಣದಲ್ಲಿ ದೊಡ್ಡ ಸುದ್ದಿಯಾದ ತುದಿ ಒಣಗುವ ರೋಗದ ಲಕ್ಷಣಗಳೇ ಇವು. ಇದರ ಹಿಂದೆ ಸಾಮಾನ್ಯವಾಗಿ ಇಬ್ಬರು ಕಳ್ಳರಿರುತ್ತಾರೆ. ಮೊದಲನೆಯದು ಚಹಾ ಸೊಳ್ಳೆ ಎಂಬ ತಿಗಣೆ. ಗೋಡಂಬಿಯ ಚಿಗುರನ್ನು ಕೆಡಿಸುವುದೂ ಇದೇ. ಎಳೆಯ ಚಿಗುರಿಗೆ ಸೂಜಿಮೂತಿ ಚುಚ್ಚಿ ರಸ ಹೀರುತ್ತದೆ, ಹೀರುವಾಗ ತನ್ನ ಜೊಲ್ಲಿನ ವಿಷ ಬಿಡುತ್ತದೆ. ಚುಚ್ಚಿದ ಕಡೆ ಕಂದು ಚುಕ್ಕೆ ಮೂಡಿ ಅಂಟು ಒಸರುತ್ತದೆ, ಚಿಗುರು ಬಾಗಿ ಒಣಗುತ್ತದೆ. ಎರಡನೆಯದು ಫೊಮಾಪ್ಸಿಸ್ ಅಜಾಡಿರಾಕ್ಟೆ ಎಂಬ ಶಿಲೀಂಧ್ರ. ಮೈಸೂರಿನ ಸಂಶೋಧಕರು 1997ರಲ್ಲಿ ಇದನ್ನು ಹೊಸ ಪ್ರಭೇದವೆಂದು ವಿವರಿಸಿದರು. ತಿಗಣೆ ಮಾಡಿದ ಗಾಯ ಇದಕ್ಕೆ ಬಾಗಿಲಾಗುತ್ತದೆ, ಅಲ್ಲಿಂದ ಟೊಂಗೆಯೊಳಗೆ ಕೆಳಮುಖವಾಗಿ ಇಳಿಯುತ್ತದೆ. ಮಳೆಗಾಲದ ತೇವದಲ್ಲಿ ಶುರುವಾದದ್ದು ಚಳಿಗಾಲದ ಹೊತ್ತಿಗೆ ಮರದ ತಲೆಯೆಲ್ಲ ಕಂದು ಮಾಡಿಬಿಡುತ್ತದೆ.

ಮೊದಲು ಖಾತ್ರಿ ಮಾಡಿಕೊಳ್ಳಿ. ಒಣಗಿದ ಟೊಂಗೆಯ ಬುಡದ ತೊಗಟೆಯನ್ನು ಉಗುರಿನಿಂದ ಕೆರೆಯಿರಿ. ಒಳಗೆ ಹಸಿರಿದ್ದರೆ ಮರ ಬದುಕಿದೆ. ತುದಿ ಒಣಗಿ ಕೆಳಗಿನ ಟೊಂಗೆಗಳು ಹಸಿರಾಗಿದ್ದರೆ ಅದು ಈ ರೋಗವೇ. ಇಡೀ ಮರ ಒಟ್ಟಿಗೆ ಹಳದಿಯಾಗಿ ಬುಡದ ತೊಗಟೆ ಸುಲಿದು ಬರುತ್ತಿದ್ದರೆ ತೊಂದರೆ ಬೇರಿನಲ್ಲಿದೆ, ಅದರ ದಾರಿಯೇ ಬೇರೆ. ಬೇಸಿಗೆಯ ಮುಂಚೆ ಬೇವು ಸಹಜವಾಗಿ ಎಲೆ ಉದುರಿಸುವುದನ್ನೂ ರೋಗವೆಂದು ತಿಳಿದು ಗಾಬರಿಯಾಗುವವರಿದ್ದಾರೆ. ಹಾಗೆ ಉದುರುವ ಎಲೆ ಹಳದಿಯಾಗಿ ಬೀಳುತ್ತದೆ, ರೋಗದ ಎಲೆ ಕಂದಾಗಿ ಟೊಂಗೆಗೇ ಅಂಟಿಕೊಂಡಿರುತ್ತದೆ.

ದೊಡ್ಡ ಮರಕ್ಕೆ ಔಷಧ ಹೊಡೆಯುವುದನ್ನು ನಾವು ಒಪ್ಪುವುದಿಲ್ಲ. ನಲವತ್ತು ಅಡಿ ಎತ್ತರದ ತುದಿಗೆ ದ್ರಾವಣ ತಲುಪುವುದು ಕಷ್ಟ. ಗಾಳಿಗೆ ಹಾರಿ ಕೆಳಗೆ ಕಟ್ಟೆಯ ಮೇಲೆ ಕೂತವರ ಮೈಮೇಲೆ, ಆಡು ತಿನ್ನುವ ಸೊಪ್ಪಿನ ಮೇಲೆ, ಯುಗಾದಿಗೆ ಕೀಳುವ ಹೂವಿನ ಮೇಲೆ ಬೀಳುತ್ತದೆ. ಬಹುಪಾಲು ಮರಗಳು ಮಾರ್ಚ್ ಬಿಸಿಲು ಬಂದಾಗ ತಾವೇ ಹೊಸ ಚಿಗುರು ಒಡೆಯುತ್ತವೆ. ನಿಮ್ಮ ಕೆಲಸ ಇಷ್ಟು: ಮಳೆ ನಿಂತು ವಾತಾವರಣ ಒಣಗಿದ ಮೇಲೆ, ಕೈಗೆಟುಕುವ ಒಣ ಟೊಂಗೆಯನ್ನು ಹಸಿರು ಭಾಗದೊಳಗೆ 10ರಿಂದ 15 ಸೆಂ.ಮೀ. ಸೇರಿಸಿ ಕತ್ತರಿಸಿ, ಅಲ್ಲೇ ಸುಡಿ. ಒಂದು ಮರದಿಂದ ಇನ್ನೊಂದಕ್ಕೆ ಹೋಗುವಾಗ ಗರಗಸವನ್ನು ಸ್ಪಿರಿಟ್‌ನಿಂದ ಒರೆಸಿ. ಬೇಸಿಗೆಯಲ್ಲಿ ಎರಡು-ಮೂರು ಸಲ ಬುಡಕ್ಕೆ ಧಾರಾಳವಾಗಿ ನೀರು ಬಿಡಿ. ಯೂರಿಯಾ ಮಾತ್ರ ಬೇಡ, ಅದರಿಂದ ಬರುವ ಮೆತ್ತನೆಯ ಚಿಗುರೇ ತಿಗಣೆಗೆ ಔತಣ.

ನರ್ಸರಿ ಸಸಿಗಳಿಗೂ ಆಳೆತ್ತರದ ಗಿಡಗಳಿಗೂ ಸಿಂಪರಣೆಗೆ ಅರ್ಥವಿದೆ. ಲೀಟರ್ ನೀರಿಗೆ 2 ಗ್ರಾಂ ಕಾರ್ಬೆಂಡಜಿಮ್ 50 ಡಬ್ಲ್ಯುಪಿ ಎಂಬ ಶಿಲೀಂಧ್ರನಾಶಕ ಬೆರೆಸಿ ಮೊದಲು ಹೊಡೆಯಿರಿ. ಚಿಗುರಿನಲ್ಲಿ ತಿಗಣೆ ಕಣ್ಣಿಗೆ ಕಂಡರೆ ಮಾತ್ರ ವಾರದ ನಂತರ ಲೀಟರಿಗೆ 0.2 ಗ್ರಾಂ ಥಯೋಮೆಥಾಕ್ಸಾಮ್ 25 ಡಬ್ಲ್ಯುಜಿ ಎಂಬ ಕೀಟನಾಶಕ ಹೊಡೆಯಿರಿ, ಅದೂ ಹೂ ಇಲ್ಲದಾಗ. ಇದು ಜೇನಿಗೆ ಕಡುವಿಷ. ಹೊಡೆದ ಗಿಡದ ಸೊಪ್ಪನ್ನು ಕನಿಷ್ಠ ಮೂರು ವಾರ ಆಡಿಗೆ ಹಾಕಬೇಡಿ. ಇನ್ನೊಂದು ಮಾತು: ಈ ಶಿಲೀಂಧ್ರ ಬೀಜದಲ್ಲೂ ಸಾಗುತ್ತದೆ. ರೋಗದ ಮರದ ಕೆಳಗೆ ಬಿದ್ದ ಹಣ್ಣಿನಿಂದ ಸಸಿ ಎಬ್ಬಿಸಬೇಡಿ.

ನಾಲ್ಕು ವರ್ಷದ ಶ್ರೀಗಂಧದಲ್ಲಿ ಕೆಲವು ಗಿಡಗಳ ಎಲೆ ಚಿಕ್ಕದಾಗಿ ಹಳದಿಯಾಗಿದೆ. ಕೆಲವುಗಳ ಬುಡದಲ್ಲಿ ಕೆಂಪು ಕಾಳಿನಂಥದು ಬೀಳುತ್ತಿದೆ. ಎರಡೂ ಒಂದೇ ರೋಗವೇ?
– ಕುಷ್ಟಗಿ ತಾಲ್ಲೂಕಿನ ಓದುಗರು

ಅಲ್ಲ. ಬುಡದ ಕೆಂಪು ಕಾಳು ಕಾಂಡಕೊರಕದ ಹಿಕ್ಕೆ. ಗುಲಾಬಿ-ಕೆಂಪು ಬಣ್ಣದ ಹುಳು ಕಾಂಡದೊಳಗೆ ಸುರಂಗ ಕೊರೆಯುತ್ತಾ ಹಿಕ್ಕೆಯನ್ನು ರಂಧ್ರದಿಂದ ಹೊರಗೆ ತಳ್ಳುತ್ತದೆ. ಕಾಳು ಬಿದ್ದ ಜಾಗದ ನೇರ ಮೇಲೆ ನೋಡಿದರೆ ರಂಧ್ರ ಸಿಗುತ್ತದೆ. ಟೊಂಗೆಯಲ್ಲಿದ್ದರೆ ರಂಧ್ರದ ಕೆಳಗೆ ಒಂದು ಗೇಣು ಬಿಟ್ಟು ಕತ್ತರಿಸಿ. ಕತ್ತರಿಸಿದ ಬಾಯಲ್ಲಿ ಸುರಂಗ ಇನ್ನೂ ಕಂಡರೆ ಮತ್ತಷ್ಟು ಕೆಳಗೆ ಹೋಗಿ. ಮುಖ್ಯ ಕಾಂಡದಲ್ಲಿದ್ದರೆ ಸೈಕಲ್ ಕಡ್ಡಿಯಂಥ ತಂತಿ ಹಾಕಿ ಸುರಂಗ ಸ್ವಚ್ಛ ಮಾಡಿ, ಸೀಮೆಎಣ್ಣೆಯಲ್ಲಿ ಅದ್ದಿದ ಹತ್ತಿ ತುರುಕಿ, ಹಸಿ ಮಣ್ಣಿನಿಂದ ಬಾಯಿ ಮೆತ್ತಿ. ಬುಡದ ಹಳೆಯ ಹಿಕ್ಕೆ ಗುಡಿಸಿಬಿಡಿ. ವಾರದಲ್ಲಿ ಹೊಸದು ಬಿದ್ದರೆ ಹುಳು ಸತ್ತಿಲ್ಲ, ಮತ್ತೆ ಮಾಡಿ. ಹಳೆಯ ಕರಪತ್ರಗಳಲ್ಲಿ ಡೈಕ್ಲೋರ್‌ವಾಸ್ ಎಂಬ ಕೀಟನಾಶಕ ಹಾಕಿ ಎಂದಿರುತ್ತದೆ. 2020ರ ಡಿಸೆಂಬರ್ 31ರಿಂದ ದೇಶದಲ್ಲಿ ಅದನ್ನು ನಿಷೇಧಿಸಲಾಗಿದೆ, ಯಾರಾದರೂ ಕೊಟ್ಟರೂ ತರಬೇಡಿ.

ಹಳದಿ ಎಲೆಗೆ ಎರಡು ಕಾರಣ ಇರಬಹುದು. ಶ್ರೀಗಂಧ ಅರೆಪರಾವಲಂಬಿ, ಪಕ್ಕದ ಗಿಡದ ಬೇರಿಗೆ ಬೇರು ಕಚ್ಚಿ ಆಹಾರ ಹೀರುತ್ತದೆ. ನಮ್ಮ ಕಡೆ ಆಸರೆಗೆಂದು ತೊಗರಿ ಹಾಕುತ್ತಾರೆ. ತೊಗರಿ ಎರಡು ವರ್ಷದಲ್ಲಿ ಒಣಗಿ ಹೋಗುತ್ತದೆ. ಅಷ್ಟರೊಳಗೆ ಸರ್ವೆಯಂಥ ಬಹುಕಾಲದ ಆಸರೆ ಗಿಡ ಬೆಳೆಸಿರದಿದ್ದರೆ ಶ್ರೀಗಂಧ ಹಸಿಯುತ್ತದೆ. ಆಗ ಇಡೀ ಗಿಡ ಸಮನಾಗಿ ಹಳದಿಯಾಗುತ್ತದೆ, ಎಲೆಯ ಗಾತ್ರ ಅಷ್ಟೇನೂ ಕುಗ್ಗುವುದಿಲ್ಲ. ಸ್ಪೈಕ್ ರೋಗ ಹಾಗಲ್ಲ. ಅದು ಹೆಚ್ಚಾಗಿ ಒಂದು ಟೊಂಗೆಯಲ್ಲಿ ಶುರುವಾಗುತ್ತದೆ. ಎಲೆಗಳು ಕಿರಿದಾಗಿ ಗಟ್ಟಿಯಾಗಿ ಕಡ್ಡಿಗೆ ನೆಟ್ಟಗೆ ನಿಲ್ಲುತ್ತವೆ, ಗೆಣ್ಣುಗಳ ನಡುವಿನ ಅಂತರ ಕುಗ್ಗಿ ಎಲೆ ಗೊಂಚಲಾಗುತ್ತದೆ, ಹೂವು-ಕಾಯಿ ನಿಲ್ಲುತ್ತವೆ. 1899ರಲ್ಲೇ ಕೊಡಗಿನಲ್ಲಿ ದಾಖಲಾದ ಈ ರೋಗಕ್ಕೆ ಫೈಟೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾ ಜಾತಿಯ ಸೂಕ್ಷ್ಮಜೀವಿ ಕಾರಣ. ಅದನ್ನು ಹರಡುವುದು ರಸ ಹೀರುವ ಜಿಗಿಹುಳು. ಮದ್ದಿಲ್ಲ, ಎರಡು-ಮೂರು ವರ್ಷದಲ್ಲಿ ಮರ ಸಾಯುತ್ತದೆ. ಅನುಮಾನವಿದ್ದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯನ್ನು ಸಂಪರ್ಕಿಸಿ. ರೋಗ ಖಚಿತವಾದ ಗಿಡವನ್ನು ಬೇರುಸಹಿತ ತೆಗೆಯಲೇಬೇಕು, ಆದರೆ ಅರಣ್ಯ ಇಲಾಖೆಯ ಅನುಮತಿ ಪಡೆದ ಮೇಲೆ.

ಕಾಲುವೆ ಬದುವಿನ ತೇಗದ ಎಲೆಗಳೆಲ್ಲ ಜರಡಿಯಾಗಿವೆ. ಯಾವ ಔಷಧ ಹೊಡೆಯಲಿ?
– ಗಂಗಾವತಿ

ಔಷಧ ಬೇಡ. ಮುಂಗಾರು ಆರಂಭದ ಹೊಸ ಎಲೆಯನ್ನು ದಪ್ಪ ನರ ಮಾತ್ರ ಬಿಟ್ಟು ತಿಂದಿದ್ದರೆ ಅದು ಎಲೆ ತಿನ್ನುವ ಹುಳು. ಮಳೆಗಾಲದ ಕೊನೆಗೆ ಸಣ್ಣ ನರಗಳ ಬಲೆ ಉಳಿಸಿ ನಡುವಿನ ಹಸಿರನ್ನಷ್ಟೇ ಕೆರೆದಿದ್ದರೆ ಅದು ಎಲೆ ಜಾಲರಿ ಹುಳು, ನಿಮ್ಮದು ಇದೇ ಎಂದು ತೋರುತ್ತದೆ. ಮರ ಸಾಯುವುದಿಲ್ಲ. ಮೊದಲಿನ ಹುಳು ಎರಡು ವಾರದಲ್ಲಿ ಬೆಳೆದು ಕೋಶವಾಗಿಬಿಡುತ್ತದೆ, ನಿಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಅದರ ಊಟ ಮುಗಿದಿರುತ್ತದೆ. ಆದರೂ ನಷ್ಟ ಸಣ್ಣದಲ್ಲ. ಕೇರಳದ ನಿಲಂಬೂರಿನ ಎಳೆಯ ತೋಪುಗಳಲ್ಲಿ ನಡೆದ ಅಧ್ಯಯನದಲ್ಲಿ ಈ ಹುಳುವಿನಿಂದ ಮರದ ಗಾತ್ರದ ಬೆಳವಣಿಗೆ ಶೇ 44ರಷ್ಟು ಕುಗ್ಗಿದ್ದು ಕಂಡಿತ್ತು. ಎರಡು ವರ್ಷದೊಳಗಿನ ಸಸಿಗಳಾಗಿದ್ದರೆ, ಹುಳು ಚಿಕ್ಕದಿರುವಾಗಲೇ ಬಿಟಿ ಪುಡಿಯನ್ನು (ಹುಳುವನ್ನು ಕೊಲ್ಲುವ ಬ್ಯಾಕ್ಟೀರಿಯಾದ ಪುಡಿ) ಲೀಟರಿಗೆ 2 ಗ್ರಾಂನಂತೆ ಸಂಜೆ ಸಿಂಪಡಿಸಿ. ಬಿಸಿಲಲ್ಲಿ ಹೊಡೆದರೆ ಅದು ಬೇಗ ಸತ್ವ ಕಳೆದುಕೊಳ್ಳುತ್ತದೆ.

ಹೊಂಗೆ ಎಲೆ ತುಂಬ ಗಂಟುಗಳಾಗಿವೆ.
– ಸಂಡೂರು

ನುಸಿಯ ಕೆಲಸ. ಮರಕ್ಕೆ ಏನೂ ಆಗುವುದಿಲ್ಲ, ಬಿಟ್ಟುಬಿಡಿ.

ಮಸಾರಿ ಹೊಲದಲ್ಲಿ ನೆಟ್ಟ ಸಸಿಗಳನ್ನು ಗೆದ್ದಲು ತಿನ್ನುತ್ತಿದೆ. ದೊಡ್ಡ ಮರಗಳಿಗೂ ಮಣ್ಣು ಮೆತ್ತಿದೆ.
– ಲಿಂಗಸುಗೂರು

ದೊಡ್ಡ ಮರದ ಮೇಲಿನ ಗೆದ್ದಲು ಸತ್ತ ಹೊರತೊಗಟೆಯನ್ನಷ್ಟೇ ತಿನ್ನುತ್ತದೆ. ಮಣ್ಣನ್ನು ಕೆರೆದು ಹಾಕಿದರೆ ಸಾಕು. ಸಸಿಗಳ ಸಾವಿಗೆ ಬಹಳ ಸಲ ಗುಂಡಿಗೆ ಹಾಕಿದ ಅರೆಕೊಳೆತ ತಿಪ್ಪೆಗೊಬ್ಬರವೇ ಕಾರಣ. ಅದರ ವಾಸನೆಗೇ ಗೆದ್ದಲು ಬರುತ್ತದೆ. ಪೂರ್ತಿ ಕಳಿತ ಗೊಬ್ಬರಕ್ಕೆ ಗುಂಡಿಗೆ 200 ಗ್ರಾಂನಂತೆ ಬೇವಿನ ಹಿಂಡಿ ಬೆರೆಸಿ. ಪಾಲಿಥೀನ್ ಚೀಲ, ಒಣ ಕಡ್ಡಿ, ಹುಲ್ಲನ್ನು ಗುಂಡಿಯಲ್ಲಿ ಬಿಡಬೇಡಿ. ಬಾಡಿದ ಸಸಿಯನ್ನೇ ಗೆದ್ದಲು ಮೊದಲು ಹಿಡಿಯುವುದರಿಂದ ಮೊದಲ ಬೇಸಿಗೆಯಲ್ಲಿ ನೀರು ತಪ್ಪಿಸಬೇಡಿ.

ಶಾಲೆಯ ಆವರಣದ ದೊಡ್ಡ ಮರದ ಬುಡದಲ್ಲಿ ಕೆಂಪು-ಕಂದು ಅಣಬೆ, ಮೇಲೆ ವಾರ್ನಿಷ್ ಹಚ್ಚಿದಂಥ ಹೊಳಪು. ಪಕ್ಕದ ಭತ್ತದ ಗದ್ದೆಯ ನೀರು ಸದಾ ಜಿನುಗುತ್ತದೆ.
– ಸಿರುಗುಪ್ಪ

ಇದನ್ನು ತಡಮಾಡಬೇಡಿ. ಗ್ಯಾನೋಡರ್ಮಾ ಬೇರು ಕೊಳೆ ರೋಗದ ಅಣಬೆ ಇದು. ಹೊರಗೆ ಅಣಬೆ ಕಾಣುವಷ್ಟರಲ್ಲಿ ಒಳಗೆ ಬೇರು ಸಾಕಷ್ಟು ಕೊಳೆತಿರುತ್ತದೆ, ತಲೆ ಹಸಿರಾಗಿದ್ದರೂ ಗಾಳಿಗೆ ಮರ ಉರುಳುತ್ತದೆ. ಬುಡವನ್ನು ಸುತ್ತಿಗೆಯಿಂದ ತಟ್ಟಿ. ಟೊಳ್ಳು ಸದ್ದು ಬಂದರೆ, ಅಥವಾ ಬುಡದ ಸುತ್ತಳತೆಯ ಮೂರನೇ ಒಂದರಷ್ಟು ಅಣಬೆ ಎದ್ದಿದ್ದರೆ, ಮಕ್ಕಳನ್ನು ಅದರ ಕೆಳಗೆ ಬಿಡದೆ ಬೇಲಿ ಹಾಕಿ. ಕಡಿಯಲು ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ವೃಕ್ಷಾಧಿಕಾರಿಗೆ ಅರ್ಜಿ ಕೊಡಿ, ಅಣಬೆಯ ಫೋಟೊ ಲಗತ್ತಿಸಿ. ಕಡಿದ ಮೇಲೆ ಬೊಡ್ಡೆಯನ್ನೂ ದಪ್ಪ ಬೇರುಗಳನ್ನೂ ಕಿತ್ತು ಸುಡಬೇಕು. ಬೊಡ್ಡೆ ಉಳಿದರೆ ರೋಗ ಬೇರಿನಿಂದ ಬೇರಿಗೆ ದಾಟಿ ಪಕ್ಕದ ಮರ ಹಿಡಿಯುತ್ತದೆ. ಆರೋಗ್ಯವಾದ ಮರಗಳ ಕಡೆಗೆ 60 ಸೆಂ.ಮೀ. ಆಳ, 30 ಸೆಂ.ಮೀ. ಅಗಲದ ಕಂದಕ ತೋಡಿ, ಅಡ್ಡ ಬಂದ ಬೇರು ಕತ್ತರಿಸಿ. ಗದ್ದೆ ನೀರಿಗೆ ಬೇರೆ ಬಸಿಗಾಲುವೆ ಮಾಡಿ. ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಬೆರೆಸಿದ ಗೊಬ್ಬರವನ್ನು ಪಕ್ಕದ ಮರಗಳ ಬುಡಕ್ಕೆ ಹಾಕಬಹುದು, ರೋಗ ಹಿಡಿದ ಮರವನ್ನು ಅದು ಉಳಿಸುವುದಿಲ್ಲ. ಅದೇ ಗುಂಡಿಯಲ್ಲಿ ಕೆಲವು ವರ್ಷ ಮತ್ತೆ ಮರ ನೆಡಬೇಡಿ.