ಪ್ರಾಚೀನ ರೋಮ್‌ನ ಚಳಿಜ್ವರಕ್ಕೆ ಈಗ ನಕ್ಷೆ ಬರೆಯೋದು ಹೇಗೆ?

ಆಸ್ಪತ್ರೆ ದಾಖಲೆಗಳೇ ಇಲ್ಲದ ಕಾಲದಲ್ಲಿ ಯಾವ ಜಾಗದಲ್ಲಿ ರೋಗದ ಭಯ ಜಾಸ್ತಿ ಇತ್ತು ಅಂತ ಹೇಗೆ ಹೇಳ್ತಾರೆ, ಅದು ಬರೀ ಊಹೆ ಅಲ್ವಾ ಎಂದು ಕೇಳಿದ್ದೀರಿ. ಊಹೆ ಇದೆ ನಿಜ. ಆದರೆ ಸುಮ್ನೆ ಮಾಡಿದ್ದಲ್ಲ. ರೋಮ್‌ನ ಮಲೇರಿಯಾವನ್ನೇ ನೋಡೋಣ, ನಾನು ಜಾಸ್ತಿ ಓದಿರುವುದು ಅದನ್ನೇ.

ಇಲ್ಲಿ ರೋಗಿಗಿಂತ ಮೊದಲು ಸೊಳ್ಳೆಯನ್ನು ಹುಡುಕಬೇಕು. ಅದಕ್ಕೆ ನಿಂತ ನೀರು ಬೇಕು, ಬೆಚ್ಚಗಿನ ಹವೆ ಬೇಕು. ನೆಲದ ಎತ್ತರ, ಇಳಿಜಾರು ಗೊತ್ತಿದ್ದರೆ ನೀರು ಎಲ್ಲಿ ನಿಲ್ಲುತ್ತದೆ ಎಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಆದರೆ ಇವತ್ತಿನ ನೆಲವನ್ನು ಪೂರ್ತಿ ನಂಬಬೇಡಿ. ರೋಮ್‌ನ ದಕ್ಷಿಣಕ್ಕಿದ್ದ ಪಾಂಟೈನ್ ಜೌಗನ್ನು 1930ರ ದಶಕದಲ್ಲಿ ಬಸಿದು ಹೊಲ ಮಾಡಿದರು. ಈಗಿನ ಉಪಗ್ರಹ ಚಿತ್ರದಲ್ಲಿ ಆ ಜೌಗೇ ಇಲ್ಲ! ಅದಕ್ಕೇ 1882ರಲ್ಲಿ ಲುಯಿಜಿ ಟೊರೆಲ್ಲಿ ಹೊರತಂದ ಇಟಲಿಯ ಮಲೇರಿಯಾ ನಕ್ಷೆ ನನಗೆ ತುಂಬಾ ಬೆಲೆಯುಳ್ಳದ್ದು. ಅದು ಜೌಗು ಇದ್ದಾಗಲೇ ಬರೆದದ್ದು.

ಆ ಕಾಲದವರ ಮಾತೂ ಇದಕ್ಕೆ ಹೊಂದುತ್ತದೆ. ಕ್ರಿ.ಪೂ. 37ರ ಸುಮಾರಿಗೆ ವಾರೋ ಎಂಬ ರೋಮನ್ ಲೇಖಕ ಬೇಸಾಯದ ಬಗ್ಗೆ ಬರೆಯುತ್ತಾ, ಜೌಗಿನ ಹತ್ತಿರ ಮನೆ ಕಟ್ಟುವಾಗ ಹುಷಾರು ಎನ್ನುತ್ತಾನೆ. ಕಣ್ಣಿಗೆ ಕಾಣದ ಸಣ್ಣ ಜೀವಿಗಳು ಅಲ್ಲಿ ಹುಟ್ಟಿ, ಬಾಯಿ ಮೂಗಿನಿಂದ ಒಳಗೆ ಹೋಗಿ ರೋಗ ತರುತ್ತವಂತೆ. ದಾರಿ ತಪ್ಪು, ಜಾಗ ಸರಿ.

ಇನ್ನು ತಿಂಗಳು. ರೋಮ್‌ನ ಕ್ರೈಸ್ತರ ಸಮಾಧಿ ಕಲ್ಲುಗಳಲ್ಲಿ ಎಷ್ಟೋ ಕಡೆ ಹೂಳಿದ ದಿನ ಕೊರೆದಿದೆ. ಎಣಿಸಿದಾಗ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಸಾವು ಏರುತ್ತದೆ. ಇಟಲಿಯಲ್ಲಿ ಮಲೇರಿಯಾ ಜೋರಾಗುತ್ತಿದ್ದದ್ದೂ ಆಗಲೇ.

ಇಷ್ಟಾದರೂ ಕಣ್ಣಾರೆ ಕಂಡ ಸಾಕ್ಷಿ ಬೇಕಲ್ಲ, ಅದು ಸಿಕ್ಕಿದ್ದು ಮೂಳೆಯಲ್ಲಿ. ಟೈಬರ್ ಕಣಿವೆಯ ಲುನ್ಯಾನೋ ಬಳಿ, ಪಾಳುಬಿದ್ದ ಒಂದು ದೊಡ್ಡ ಮನೆಯೊಳಗೆ 5ನೇ ಶತಮಾನದ ಮಕ್ಕಳ ಸ್ಮಶಾನವಿದೆ. ಹೆಚ್ಚಿನವು ಹಸುಗೂಸುಗಳು, ಹುಟ್ಟುವ ಮೊದಲೇ ಹೋದವೂ ಇವೆ. ಅಲ್ಲಿನ ಸುಮಾರು 3 ವರ್ಷದ ಮಗುವೊಂದರ ಮೂಳೆಯಲ್ಲಿ ಫಾಲ್ಸಿಪಾರಂ ಎಂಬ, ಜೀವಕ್ಕೇ ಹೆಚ್ಚು ಅಪಾಯದ ಮಲೇರಿಯಾ ರೋಗಾಣುವಿನ ಡಿಎನ್‌ಎ ಇತ್ತು. 2018ರಲ್ಲಿ ಸಿಕ್ಕ, ಸುಮಾರು 10 ವರ್ಷದ ಇನ್ನೊಂದು ಮಗುವಿನ ಬಾಯಲ್ಲಿ ಕಲ್ಲು ತುರುಕಿತ್ತು. ಸತ್ತವರು ಎದ್ದು ಬಂದು ರೋಗ ಹರಡಬಾರದು ಎಂಬ ಹೆದರಿಕೆಯಿಂದ ಹಾಗೆ ಮಾಡಿರಬೇಕು ಎನ್ನುತ್ತಾರೆ ಅಗೆದವರು. ಇದನ್ನು ಓದಿದ ದಿನ ನನಗೆ ಬೇರೆ ಕೆಲಸ ಮಾಡಲಾಗಲಿಲ್ಲ.

ಒಂದು ಮಾತು ನೆನಪಿರಲಿ. ಇಂಥ ನಕ್ಷೆ ಎಷ್ಟು ಜನ ಸತ್ತರು ಎಂದು ಹೇಳುವುದಿಲ್ಲ, ಎಲ್ಲಿ ವಾಸ ಮಾಡಿದರೆ ಅಪಾಯ ಜಾಸ್ತಿ ಇತ್ತು ಎಂದಷ್ಟೇ ಹೇಳುತ್ತದೆ. ನೀವೇ ಮಾಡಿ ನೋಡಬೇಕೆಂದಿದ್ದರೆ ಕ್ಯೂಜಿಐಎಸ್ ಎಂಬ ನಕ್ಷೆ ಬರೆಯುವ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ನಾಸಾ ಬಾಹ್ಯಾಕಾಶದಿಂದ ಅಳೆದ ನೆಲದ ಎತ್ತರದ ಮಾಹಿತಿಯೂ (ಎಸ್‌ಆರ್‌ಟಿಎಂ) ಹಾಗೇ. ಮೊದಲು ಪಾಂಟೈನ್ ಬಯಲಿನಿಂದ ಶುರು ಮಾಡಿ.