ಡೊಂಬಿವಲಿಯ ಮಕ್ಕಳಿಗೆ ಯಾವ ಚಿತ್ರ?

ನಮಸ್ಕಾರ. ಡೊಂಬಿವಲಿಯ ನಿಮ್ಮ ಸೊಸೈಟಿಯ ಕನ್ನಡ ಮಕ್ಕಳಿಗೆ ಈ ರಜೆಯಲ್ಲಿ ಒಂದೇ ಒಂದು ವೈಜ್ಞಾನಿಕ ಚಿತ್ರ ತೋರಿಸಬೇಕು, ಇಂದಿನ ತಂತ್ರಜ್ಞಾನವನ್ನು ನಿಜಕ್ಕೂ ಮೊದಲೇ ಕಂಡದ್ದು ಯಾವುದು ಎಂದು ಕೇಳಿದ್ದೀರಿ. ನನ್ನ ಆಯ್ಕೆ 1968ರ ‘2001: ಎ ಸ್ಪೇಸ್ ಒಡಿಸ್ಸಿ’.

ಅದರಲ್ಲಿ ಗಗನಯಾತ್ರಿಗಳು ಊಟ ಮಾಡುತ್ತ, ಮೇಜಿನ ಮೇಲಿನ ತೆಳ್ಳನೆಯ ಫಲಕದಲ್ಲಿ ಟಿವಿ ಸಂದರ್ಶನ ನೋಡುತ್ತಾರೆ. ಥೇಟ್ ನಮ್ಮ ಟ್ಯಾಬ್ಲೆಟ್! ಐಪ್ಯಾಡ್ ವಿನ್ಯಾಸದ ನಕಲು ಎಂದು ಆಪಲ್ ದಾವೆ ಹೂಡಿದಾಗ, 2011ರಲ್ಲಿ ಸ್ಯಾಮ್ಸಂಗ್ ಇದೇ ದೃಶ್ಯವನ್ನು ಅಮೆರಿಕದ ನ್ಯಾಯಾಲಯದ ಮುಂದಿಟ್ಟಿತ್ತು.

ನನ್ನ ಮನಸ್ಸಿಗೆ ಇನ್ನೂ ಹತ್ತಿರವಾದದ್ದು ಬೇರೆ ದೃಶ್ಯ. ಬಾಹ್ಯಾಕಾಶ ನಿಲ್ದಾಣದಿಂದ ತಂದೆಯೊಬ್ಬ ಭೂಮಿಯಲ್ಲಿರುವ ಪುಟ್ಟ ಮಗಳಿಗೆ ವಿಡಿಯೋ ಕರೆ ಮಾಡುತ್ತಾನೆ. ಮಾತು ಮುಗಿದ ಮೇಲೆ ಪರದೆಯಲ್ಲಿ 1.70 ಡಾಲರ್ ಬಿಲ್ಲು. ಮುಂಬೈಗೆ ಬಂದ ಹೊಸತರಲ್ಲಿ ಎಸ್‌ಟಿಡಿ ಬೂತಿನ ಮೀಟರ್ ನೋಡುತ್ತಲೇ ಧಾರವಾಡದ ಅವ್ವನ ಜೊತೆ ಮಾತಾಡಿದವನು ನಾನು. ಆ ಬಿಲ್ಲು ಕಂಡಾಗ ಗಂಟಲು ಕಟ್ಟಿತು. ಚಿತ್ರ ಎಡವಿದ್ದೂ ಅಲ್ಲೇ ನೋಡಿ: ಕರೆಗಾಗಿ ಆತ ಬೂತಿಗೇ ಹೋಗಬೇಕು. ಪರದೆ ಬರುತ್ತದೆಂದು ಊಹಿಸಿದರು, ಅದು ಜೇಬಿಗಿಳಿಯುತ್ತದೆಂದು ಊಹಿಸಲಿಲ್ಲ. ಪೂರ್ತಿ ಭವಿಷ್ಯವಾಣಿಯೂ ಅಲ್ಲ ಅನ್ನಿ. 1964ರ ನ್ಯೂಯಾರ್ಕ್ ವಿಶ್ವ ಮೇಳದಲ್ಲೇ ಮುಖ ಕಾಣುವ ಫೋನನ್ನು ಜನರಿಗೆ ತೋರಿಸಿಯಾಗಿತ್ತು.

2002ರ ‘ಮೈನಾರಿಟಿ ರಿಪೋರ್ಟ್’ ಕೂಡ ಒಳ್ಳೆಯದೇ, ಆದರೆ ಮಕ್ಕಳಿಗೆ ಬೇಡ.

ಒಡಿಸ್ಸಿ ತೀರಾ ನಿಧಾನಗತಿಯ ಚಿತ್ರ. ಇವೆರಡು ದೃಶ್ಯ ಮಾತ್ರ ತೋರಿಸಿ, ಆಮೇಲೆ ಮಕ್ಕಳಿಂದಲೇ ಊರಿನ ಅಜ್ಜಿಗೆ ವಿಡಿಯೋ ಕರೆ ಮಾಡಿಸಿ.